ಓರಗಿತ್ತಿಯ ಹಾವಿನ ಹೆರಿಗೆ

ಬೇರೆಯವರ ಕಾರು, ಕಾಂಡೋ ಮನೆ, ಬಡ್ತಿ ಕಂಡು ನಾನು ಕರುಬಿದವಳಲ್ಲ. ನನ್ನ ಹೊಟ್ಟೆಕಿಚ್ಚೆಲ್ಲ ಓರಗಿತ್ತಿ ರಶ್ಮಿಗೇ ಮೀಸಲು. ಅವಳು ನನ್ನ ಮೈದುನನ ಹೆಂಡತಿ, ಮೈಸೂರಿನ ಹುಡುಗಿ, ಇರುವುದು ಜರ್ಮನಿಯಲ್ಲಿ. ಅಷ್ಟು ದೂರವಿದ್ದೂ ಸಿಂಗಪುರದ ಪುಂಗೋಲಿನ ನನ್ನ ಅಡುಗೆಮನೆಗೆ ಕೈಚಾಚಿ ನನ್ನ ಪಾಲಿನ ಮೆಚ್ಚುಗೆಯನ್ನು ಕಿತ್ತುಕೊಳ್ಳುವುದು ಅವಳಿಗೆ ಒಲಿದ ವಿದ್ಯೆ.

ಆ ವರ್ಷ ಅತ್ತೆ ಗದಗಿನಿಂದ ಬಂದು ನಮ್ಮ ಫ್ಲ್ಯಾಟಿನಲ್ಲಿದ್ದರು. ನಮ್ಮಲ್ಲಿ ಒಂದು ತಿಂಗಳಿದ್ದು, ಇಲ್ಲಿಂದಲೇ ರಶ್ಮಿಯ ಮನೆಗೆ ಹೋಗುವುದೆಂದು ಮಾತಾಗಿತ್ತು. ನಾನು ಪಾಸಿರ್ ಪಂಜಾಂಗ್ ಬಂದರಿನ ಆಫೀಸಿನಲ್ಲಿ ದಿನವಿಡೀ ಹಡಗುಗಳ ಹಿಂದೆ ಬಿದ್ದು, ಬಸ್ಸು, ಎಂಆರ್‌ಟಿ ರೈಲು ಹತ್ತಿಳಿದು ಬಂದು ಬಿಸಿ ರೊಟ್ಟಿ ಬಡಿದು ಕೊಟ್ಟರೆ, ಅತ್ತೆ ಒಂದು ಚೂರು ಮುರಿದು, ರಶ್ಮಿ ಇವತ್ತು ಯಾಕೆ ಫೋನ್ ಮಾಡಲಿಲ್ಲ ಎಂದು ಕೇಳುವರು.

ಆ ರಶ್ಮಿ ಒಂದು ಹಾವು ಸಾಕಿದ್ದಳು. ಬೋವಾ ಎಂಬ ಜಾತಿ, ವಿಷವಿಲ್ಲದ್ದು, ನನ್ನ ತೋಳಿಗಿಂತ ದಪ್ಪ. ಅತ್ತೆಗೆ ಹೇಳಬೇಡಿ ಶೋಭಾ ಅಕ್ಕ ಎಂದು ಬೇಡಿಕೊಂಡಿದ್ದಳು. ಒಂದು ಭಾನುವಾರ ಆ ಮಾತು ನನ್ನ ಬಾಯಿಂದ ಜಾರಿತು ಎಂದು ಬರೆಯಬಹುದಿತ್ತು. ಜಾರಲಿಲ್ಲ, ನಾನೇ ನೂಕಿದೆ. ಅದೀಗ ಬಸುರಿ ಬೇರೆ ಎಂದೂ ಸೇರಿಸಿದೆ. ಅತ್ತೆ ಹೌಹಾರುತ್ತಾರೆ, ಸೊಸೆಯನ್ನು ಝಾಡಿಸುತ್ತಾರೆ ಎಂದು ಕಾದು ನಿಂತೆ.

ಅತ್ತೆ ನಿಧಾನವಾಗಿ ಕನ್ನಡಕ ಏರಿಸಿಕೊಂಡರು. "ಎಷ್ಟ ತಿಂಗಳಾತಂತ?"

ಅಂದಿನಿಂದ ನಮ್ಮ ಟ್ಯಾಬ್ಲೆಟ್ ಅವರ ಕೈಬಿಡಲಿಲ್ಲ. ಈ ಜಾತಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ ಎಂದು ರಶ್ಮಿ ವಿವರಿಸಿದಾಗ, "ಅಂದ್ರ ನಮ್ಮಂಗ ಅನ್ನು" ಎಂದು ಅದನ್ನು ಹೆಂಗಸರ ಪಂಕ್ತಿಗೇ ಸೇರಿಸಿಬಿಟ್ಟರು. ಬಸುರಿ ಹಾವು ಇಲಿ ತಿನ್ನುತ್ತಿಲ್ಲವೆಂದು ತಿಳಿದ ದಿನ ಅತ್ತೆಗೂ ಊಟ ಸೇರಲಿಲ್ಲ. ನನ್ನ ಬಾಣಂತನಕ್ಕೆ ಇದೇ ಅತ್ತೆ ಮಂಡಿನೋವೆಂದು ಬಂದಿರಲಿಲ್ಲ. ಸಿಂಗಪುರದಲ್ಲಿ ಹಾವು ಸಾಕುವಂತಿಲ್ಲ. ಸಾಕಬಹುದಾಗಿದ್ದರೆ ಆ ಸಿಟ್ಟಿನಲ್ಲಿ ನಾನೂ ಒಂದು ತಂದುಬಿಡುತ್ತಿದ್ದೆ.

ಶನಿವಾರ ಮಧ್ಯಾಹ್ನ ಹೆರಿಗೆಯಾಯಿತು. ಟ್ಯಾಬ್ಲೆಟ್ಟಿನ ವಿಡಿಯೊದಲ್ಲಿ ತೆಳ್ಳನೆಯ ಪೊರೆ ಹರಿದುಕೊಂಡು ಒಂದೊಂದೇ ಮರಿ ತಲೆ ಎತ್ತಿ ನಾಲಿಗೆ ಚಾಚುತ್ತಿತ್ತು. ಅತ್ತೆ ಹದಿನೇಳರವರೆಗೆ ಎಣಿಸಿದರು. ನನ್ನ ಮಗಳು ಅನನ್ಯಾ, "ಅಜ್ಜಿ, ಸೋ ಕ್ಯೂಟ್ ಲಾ" ಎಂದು ಸಿಂಗಪುರದ ರಾಗದಲ್ಲೇ ಪಕ್ಷಾಂತರ ಮಾಡಿದಳು. ಹೆತ್ತವಳಿಗೆ ನೀರಿಟ್ಟೆಯಾ ಎಂದು ಅತ್ತೆ ಮೂರು ಸಲ ವಿಚಾರಿಸಿದರು. ಕೊನೆಗೆ ರಶ್ಮಿ ಎಲ್ಲಕ್ಕಿಂತ ಚುರುಕಾದ ಮರಿಯನ್ನು ಕೈಗೆ ಸುತ್ತಿಕೊಂಡು, ಇದಕ್ಕೆ ಗಂಗಾ ಎಂದು ಅತ್ತೆಯ ಹೆಸರನ್ನೇ ಇಟ್ಟಿದ್ದೇನೆ ಎಂದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಮಗಳ ಹೆಸರಿಗಾಗಿ ತಿಂಗಳುಗಟ್ಟಲೆ ಇಂಟರ್‌ನೆಟ್ ಜಾಲಾಡಿದವಳು. ಈ ಉಪಾಯ ನನಗೇಕೆ ಹೊಳೆಯಲಿಲ್ಲವೋ.

ಮರುವಾರ ರಶ್ಮಿ, ಟಿಕೆಟ್ ಬುಕ್ ಮಾಡಲಾ ಎಂದು ಕೇಳಿದಳು. ಅತ್ತೆ ಪ್ರೀತಿಯಿಂದಲೇ ಬೇಡವೆಂದು ತಲೆಯಾಡಿಸಿದರು.

"ಫೋನಿನ್ಯಾಗ ಛಂದ ಕಾಣ್ತಾವವಾ. ಆದ್ರ ಅಷ್ಟು ಹಾವಿನ ನಡುವ ನಾ ಮಲಗಂಗಿಲ್ಲ. ಇಲ್ಲೇ ಶೋಭಾನ ಹಂತೇಲಿ ಇನ್ನೆರಡು ತಿಂಗಳು ಇರ್ತೀನಿ."

ಫೋನ್ ನನ್ನ ಕೈಗೆ ಬಂತು. ರಶ್ಮಿಯ ದನಿ ಕುಗ್ಗಿತ್ತು. "ನೀವೇ ಲಕ್ಕಿ ಬಿಡಿ ಅಕ್ಕ. ಅತ್ತೆ ನನ್ನ ಹಾವನ್ನ ವಿಚಾರಿಸ್ತಾರೆ, ನಾನು ಹೇಗಿದ್ದೀನಿ ಅಂತ ಒಂದ್ಸಲಾನೂ ಕೇಳಿಲ್ಲ."

ಅಯ್ಯೋ ಪಾಪ ಎನಿಸಿತು. ಜೊತೆಗೇ, ಕಡೆಗೂ ಗೆದ್ದೆನೆಂಬ ಖುಷಿ. ಅದು ಅತ್ತೆ ಪಕ್ಕದ ಕೋಣೆಯಿಂದ ನನ್ನನ್ನು ಕೂಗುವವರೆಗೆ ಇತ್ತು. ಎರಡು ತಿಂಗಳು ಎಂದರೆ ಅರವತ್ತು ದಿನ. ಹದಿನೆಂಟು ಹಾವುಗಳ ನಡುವೆ ಅತ್ತೆಯಿಲ್ಲದೆ ಕಾಲುಚಾಚಿ ಕುಳಿತ ರಶ್ಮಿಯನ್ನು ನೆನೆದಾಗ, ಅವಳ ಮೇಲಿನ ನನ್ನ ಅಸೂಯೆ ಅಲ್ಲಿಯವರೆಗೂ ಬರೀ ಅಭ್ಯಾಸದ್ದು, ನಿಜವಾದದ್ದು ಈಗ ಹುಟ್ಟಿತು ಎನ್ನಿಸಿತು.