ಹಿತ್ತಲಿನಲ್ಲಿ ಹೂತಿಟ್ಟ ಇಂಕಾ ಊಟ

ಓದಿದ್ದನ್ನು ಓದಿ ಅಷ್ಟಕ್ಕೇ ಬಿಡುವವರು ಪುಣ್ಯವಂತರು. ನನಗೆ ಆ ಪುಣ್ಯವಿಲ್ಲ. ಪೇಪರಿನಲ್ಲಿ ಓದಿದ್ದನ್ನು ಮನೆಯಲ್ಲಿ ಮಾಡಿ ನೋಡುವ ತನಕ ನನಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಒಮ್ಮೆ ಅಣಬೆ ಬೆಳೆಯುತ್ತೇನೆಂದು ಹೊರಟು ಬಚ್ಚಲುಮನೆಯನ್ನು ಹದಿನೈದು ದಿನ ಕತ್ತಲಲ್ಲಿಟ್ಟಿದ್ದೆ. ಮನೆಯವರೆಲ್ಲ ಮೇಣದಬತ್ತಿ ಹಚ್ಚಿಕೊಂಡು ಸ್ನಾನ ಮಾಡಿದರು. ಅಣಬೆ ಮಾತ್ರ ಬರಲಿಲ್ಲ. ನನ್ನ ಹೆಂಡತಿ ಶೋಭಾ ಇದರ ಮೂಲವನ್ನು ಎಂದೋ ಪತ್ತೆಹಚ್ಚಿದ್ದಾಳೆ. ದಾಂಡೇಲಿಯ ಕಾರ್ಖಾನೆಯಲ್ಲಿ ಹಗಲೆಲ್ಲ ಕಾಗದ ಮಾಡುವ ಈ ಮನುಷ್ಯ ಸಂಜೆ ಮನೆಗೆ ಬಂದು ಕಾಗದದ ಮೇಲೆ ಅಚ್ಚಾದದ್ದನ್ನೆಲ್ಲ ನಂಬುತ್ತಾನೆ ಎಂಬುದು ಅವಳ ಅಂಬೋಣ. ನಾನು ಅಲ್ಲಗಳೆಯುವುದಿಲ್ಲ.

ಈ ಸಲ ನನ್ನ ಕೈಗೆ ಸಿಕ್ಕವರು ಇಂಕಾ ಜನ. ಆದರೆ ಅದಕ್ಕೂ ಮೊದಲು ನಮ್ಮ ಅತ್ತೆಯ ವಿಷಯ ಹೇಳಬೇಕು. ಶೋಭಾಳ ತಾಯಿ ಗಂಗವ್ವ ತೇರಗಾಂವದವರು. ಮಾವ ತೀರಿಕೊಂಡ ಮೇಲೆ ಹೊಲವನ್ನು ಮೈದುನನ ಮಕ್ಕಳಿಗೆ ಪಾಲಿಗೆ ಕೊಟ್ಟು, ನಮ್ಮ ಕ್ವಾರ್ಟರ್ಸಿಗೆ ಬಂದು ಎರಡು ವರ್ಷವಾಯಿತು. ಬಂದಾಗಿನಿಂದ ಅವರ ಊಟ ಕಡಿಮೆಯಾಗುತ್ತಲೇ ಹೋಯಿತು. ಅರ್ಧ ರೊಟ್ಟಿ ಮುರಿದು ತಿಂದು, ಸಾಕೆಂದು ಎದ್ದುಬಿಡುವರು. ಸಡಿಲವಾದ ಕುಪ್ಪಸಗಳನ್ನು ಎರಡೆರಡು ಸಲ ಹೊಲಿಸಿ ಬಿಗಿ ಮಾಡಿಸಬೇಕಾಯಿತು. ಹಳಿಯಾಳದ ಡಾಕ್ಟರು ಎಲ್ಲ ತಪಾಸಣೆ ಮಾಡಿ, ಇವರಿಗೆ ರೋಗವೇನೂ ಇಲ್ಲ, ಹೊಟ್ಟೆ ತುಂಬ ಉಂಡರೆ ಸಾಕು ಎಂದು ಕೈತೊಳೆದುಕೊಂಡರು. ಶೋಭಾ ದಿನಕ್ಕೊಂದು ಪಲ್ಯ ಮಾಡಿ ತಾಯಿಯ ತಾಟನ್ನೇ ನೋಡುತ್ತ ಕೂರುವಳು. ಆಮೇಲೆ ಅಡಿಗೆಮನೆಯ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಅಳುವಳು. ನನಗೂ ಅತ್ತೆಯೆಂದರೆ ಬಹಳ ಪ್ರೀತಿ. ಮದುವೆಯ ಹೊಸತರಲ್ಲಿ ನಾನು ಹನ್ನೊಂದು ಹೋಳಿಗೆ ತಿಂದು ನಾಚಿಕೊಂಡು ಕೂತಿದ್ದಾಗ, ಹನ್ನೆರಡನೆಯದನ್ನು ಕೇಳದೆಯೇ ಬಡಿಸಿದವರು ಅವರು. ಅಂಥವರು ನನ್ನ ಮನೆಯಲ್ಲಿ ಸೊರಗುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಆಗ ಭಾನುವಾರದ ಪುರವಣಿಯಲ್ಲಿ ಇಂಕಾ ಊಟದ ಮೇಲೆ ಎರಡು ಪುಟದ ಲೇಖನ ಬಂತು. ಸಮುದ್ರದಾಚೆಯ ಎತ್ತರದ ಬೆಟ್ಟಗಳಲ್ಲಿ ಆಳಿದ ಜನ. ಆಲೂಗಡ್ಡೆ, ಗೋವಿನಜೋಳ, ಕಿನ್ವಾ ಎಂಬ ಕಾಳು ತಿಂದು ಗಟ್ಟಿಮುಟ್ಟಾಗಿದ್ದರಂತೆ. ಹುಬ್ಬಳ್ಳಿಗೆ ಹೋದವರ ಕೈಯಲ್ಲಿ ಕಿನ್ವಾ ತರಿಸಿ ನಾನೇ ಬೇಯಿಸಿದೆ. ಅತ್ತೆ ಅಳಿಯನ ಮರ್ಯಾದೆಗೆಂದು ಒಂದು ಚಮಚ ನುಂಗಿ, ನೀರು ಕುಡಿದು, ಇದಕ್ಕೆ ಸಬಕಾರ ಹಾಕಿದ್ದೀರೇನು ಎಂದು ಮೆಲ್ಲಗೆ ಕೇಳಿದರು. ಆ ಕಾಳನ್ನು ನೊರೆ ಹೋಗುವ ತನಕ ತೊಳೆಯಬೇಕೆಂದು ಎರಡನೆಯ ಪುಟದಲ್ಲಿತ್ತು. ನಾನು ಮೊದಲನೆಯ ಪುಟ ಮುಗಿಸಿಯೇ ಒಲೆ ಹಚ್ಚಿದ್ದೆ. ಉಳಿದ ಕಾಳನ್ನು ಅತ್ತೆ ತಾವೇ ತಿಕ್ಕಿ ತಿಕ್ಕಿ ತೊಳೆದು, ಅಂಗೈಯಲ್ಲಿ ಹರವಿ ನೋಡಿ, ಇದು ನಮ್ಮ ನವಣೆಯ ಬಳಗದ್ದು ಎಂದು ತೀರ್ಪು ಕೊಟ್ಟರು. ಆದರೆ ತಿನ್ನಲಿಲ್ಲ.

ನಾನು ಸೋಲೊಪ್ಪಲಿಲ್ಲ. ನೆಲದಲ್ಲಿ ಕುಳಿ ತೋಡಿ, ಕಾದ ಕಲ್ಲುಗಳ ಮೇಲೆ ಗೆಡ್ಡೆ ಗೆಣಸು ಹರವಿ, ಎಲೆ ಮುಚ್ಚಿ, ಮಣ್ಣೆಳೆದು ಬೇಯಿಸುವ ಅಡಿಗೆಯೂ ಆ ಜನರಲ್ಲಿತ್ತು. ಮುಂದಿನ ಭಾನುವಾರ ಬೆಳಿಗ್ಗೆಯೇ ಸೈಕಲ್ಲಿನಲ್ಲಿ ಕಾಳಿ ಹೊಳೆಗೆ ಹೋಗಿ, ದುಂಡಗಿನ, ನುಣ್ಣಗಿನ ಕಲ್ಲುಗಳನ್ನು ಆರಿಸಿ ತಂದೆ. ಹಿತ್ತಲಿನಲ್ಲಿ ಫರಸಿಕಲ್ಲು ಹಾಸದೆ ಉಳಿದ ಚೂರು ನೆಲದಲ್ಲಿ, ಕರಿಬೇವಿನ ಗಿಡದ ಪಕ್ಕ ಕುಳಿ ತೋಡಿ ಬೆಂಕಿ ಹಾಕಿದೆ. ಸ್ವಲ್ಪ ಹೊತ್ತಿಗೆ ಒಂದು ಕಲ್ಲು ಢಮ್ಮೆಂದು ಸಿಡಿಯಿತು. ಪಕ್ಕದ ಮನೆಯವರು ಸಿಲಿಂಡರ್ ಎಂದುಕೊಂಡು ಬೀದಿಗೆ ಓಡಿದರು. ನಾನು ಎಲ್ಲಿದ್ದೆನೆಂದು ಕೇಳಬೇಡಿ, ತುಳಸಿಕಟ್ಟೆಯ ಹಿಂದಿನಿಂದ ನನ್ನನ್ನು ಎಬ್ಬಿಸಿದವರು ಅತ್ತೆ.

"ಹೊಳ್ಯಾಗಿನ ಕಲ್ಲು ಉರಿಯಾಗ ಇಡಬಾರದ್ರಿ ಅಳಿಯಂದ್ರ. ಅದರ ಹೊಟ್ಟ್ಯಾಗ ನೀರಿರ್ತೈತಿ," ಎಂದರು.

ಹಾಗೆಂದವರೇ ಸೆರಗು ಸಿಗಿಸಿದರು. ಕಂಪೌಂಡಿನ ಮೂಲೆಯ ಹಳೆಯ ಇಟ್ಟಿಗೆಗಳನ್ನು ನನ್ನಿಂದ ಹೊರಿಸಿದರು. ಹೊಲದಲ್ಲಿ ಎಳೆ ಜೋಳದ ಸೀತನಿ ಸುಡುವಾಗ ಕುಳಿ ಹೇಗಿರಬೇಕು, ಗಾಳಿ ಎತ್ತಲಿಂದ ಬರಬೇಕು ಎಂದು ಹೇಳುತ್ತ, ನನ್ನ ಕುಳಿಯನ್ನು ಕೆಡಿಸಿ ತಮ್ಮದನ್ನು ತೋಡಿದರು. ಆಲೂಗಡ್ಡೆ, ಗೆಣಸು, ಗೋವಿನಜೋಳದ ತೆನೆ, ಅವರೆಕಾಯಿಗಳನ್ನು ಕೆಂಡದಂಥ ಇಟ್ಟಿಗೆಗಳ ಮೇಲೆ ಹೊಂದಿಸಿ, ಬಾಳೆ ಎಲೆ, ಹಸಿ ಗೋಣಿಚೀಲ ಹೊದಿಸಿ, ಮಣ್ಣೆಳೆದು ತಟ್ಟಿದರು. ಎರಡು ವರ್ಷದಲ್ಲಿ ಅವರು ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬೇಯುವ ತನಕ ಮಾಡುವುದೇನು? ಪುರವಣಿ ತೆಗೆದು ಅವರಿಗೆ ಓದಿ ಹೇಳಿದೆ. ಆ ಜನ ಆಲೂಗಡ್ಡೆಯನ್ನು ಬೆಟ್ಟದ ಹಿಮದಲ್ಲಿ ಹರವಿ, ಕಾಲಿನಿಂದ ತುಳಿದು ಒಣಗಿಸುತ್ತಿದ್ದರೆಂದೆ. ಉಣ್ಣುವುದನ್ನು ತುಳಿಯುವುದೇ ಎಂದು ಮುಖ ಸಿಂಡರಿಸಿದರು. ಮರುಕ್ಷಣವೇ, ಕಣದಲ್ಲಿ ನಮ್ಮ ಎತ್ತುಗಳೂ ತುಳಿಯುತ್ತವಲ್ಲ ಎಂದು ಕ್ಷಮಿಸಿಬಿಟ್ಟರು. ಭೂಮಿಯನ್ನು ಅವರ ವಂಶದವರು ಇಂದಿಗೂ ತಾಯಿ ಎನ್ನುತ್ತಾರೆ, ಕುಡಿಯುವ ಮೊದಲು ಮೊದಲ ಹನಿಯನ್ನು ನೆಲಕ್ಕೆ ಚೆಲ್ಲುತ್ತಾರೆ ಎಂದು ಓದಿದಾಗ ಮಾತ್ರ ಅತ್ತೆ ನನ್ನ ಕಡೆ ಪೂರ್ತಿ ತಿರುಗಿ ಕೂತರು.

"ಹಂಗಂದ್ರ ಅವರೂ ಚರಗಾ ಚೆಲ್ಲತಾರ," ಎಂದರು.

ಸೀಗಿ ಹುಣ್ಣಿಮೆಗೆ ಅಡಿಗೆಯನ್ನೆಲ್ಲ ಹೊಲಕ್ಕೆ ಒಯ್ದು, ಪೈರಿಗೆ ಪೂಜೆ ಮಾಡಿ, ಹೊಲದ ತುಂಬ ಎಡೆ ಚೆಲ್ಲುತ್ತ ಹೋಗುವುದೇ ಚರಗ. ಅತ್ತೆಗೆ ಅದು ವರ್ಷಕ್ಕೊಮ್ಮೆಯದಷ್ಟೇ ಆಗಿರಲಿಲ್ಲ. ನಲವತ್ತು ವರ್ಷ ಬುತ್ತಿ ಬಿಚ್ಚಿದಾಗಲೆಲ್ಲ ಮೊದಲ ತುತ್ತನ್ನು ಮಣ್ಣಿಗೆ ಕೊಟ್ಟೇ ಉಂಡವರು. ಮತ್ತೆ ಇಲ್ಲಿ ಏಕೆ ಮಾಡುವುದಿಲ್ಲ ಎಂದು ನಾನು ದೊಡ್ಡ ಸಂಶೋಧಕನಂತೆ ಕೇಳಿದೆ. ಅವರು ಮಣ್ಣನ್ನು ತಟ್ಟುತ್ತಲೇ ಉತ್ತರಿಸಿದರು.

"ಬಂದ ಹೊಸದಾಗ ಇಲ್ಲೇ ಒಂದು ಚೂರು ರೊಟ್ಟಿ ಚೆಲ್ಲಿದ್ದೆ. ಇಲಿ ಬರ್ತಾವ ಅಂದ್ರಿ ನೀವು. ನಿಮ್ಮ ಮನಿ, ಸುಮ್ಮನಾದೆ. ಆದ್ರ ಭೂಮಿತಾಯಿಗೆ ಕೊಡದ ಉಂಡ್ರ ನನಗ ಗಂಟಲದಾಗ ಇಳಿಯಂಗಿಲ್ರಿ."

ಅಡಿಗೆಮನೆಯಲ್ಲಿ ಹರಿಯುತ್ತಿದ್ದ ನಲ್ಲಿ ಫಕ್ಕನೆ ನಿಂತಿತು. ಶೋಭಾ ಕೇಳಿಸಿಕೊಂಡಿದ್ದಳು. ನಾನು ಆ ಮಾತು ಅಂದದ್ದು ನಿಜವಿರಬೇಕು; ಇಲಿಗಳ ಬಗ್ಗೆಯೂ ಆಗ ಪೇಪರಿನಲ್ಲಿ ಏನೋ ಓದಿದ್ದೆ. ಆಡಿ ಮರುದಿನವೇ ಮರೆತಿದ್ದೆ. ಅತ್ತೆ ಅದನ್ನು ಎರಡು ವರ್ಷ ಉಪವಾಸ ಕೂತು ನಡೆಸಿದ್ದರು. ಎಲ್ಲಿಯೋ ಇರುವ ಜನ ನೆಲಕ್ಕೆ ಹನಿ ಚೆಲ್ಲುವುದನ್ನು ಓದಿ ತಲೆದೂಗಿದವನು, ನನ್ನ ಹಿತ್ತಲಿನಲ್ಲಿ ಬಿದ್ದ ಚೂರು ರೊಟ್ಟಿಗೆ ಮುಖ ಗಂಟಿಕ್ಕಿದ್ದೆ. ನನಗೆ ಬಹಳ ನಾಚಿಕೆಯಾಯಿತು. ತಪ್ಪಾಯಿತು ಎಂದೆ. ಅವರು ಅದನ್ನು ಕೇಳಿಸಿಕೊಳ್ಳದೆ, ಬೆಂದಿರಬೇಕು ತೆಗೆಯಿರಿ ಎಂದರು.

ಮಣ್ಣು ಸರಿಸಿದಾಗ ಎದ್ದ ಆ ಘಮವನ್ನು ನಾನು ವರ್ಣಿಸಲಾರೆ. ಮೊದಲ ಗೆಣಸನ್ನು ಅತ್ತೆಯ ಕೈಗೆ ಕೊಟ್ಟು, ಚೆಲ್ಲಿರಿ ಎಂದೆ. ಅವರು ಅದನ್ನು ಮುರಿದು ಆ ಚೂರು ನೆಲದ ನಾಲ್ಕೂ ಮೂಲೆಗೆ ಹಾಕಿದರು. ಚರಗ ಚೆಲ್ಲುವಾಗ ಹೊಲದಲ್ಲಿ ಗಟ್ಟಿಯಾಗಿ ಕೂಗುವ ಮಾತನ್ನು ನೆರೆಯವರಿಗೆ ಅಂಜಿ ಬಾಯೊಳಗೇ ಅಂದರು. ಆಮೇಲೆ ಕರಿಬೇವಿನ ಬುಡದಲ್ಲಿ ಕೂತು ಎರಡು ಗೆಣಸು, ಮೂರು ಆಲೂಗಡ್ಡೆ, ಒಂದು ತೆನೆ ತಿಂದರು. ಶೋಭಾ ಎದುರಿಗೆ ಕೂತು ಎಣಿಸಿದಳು. ಅತ್ತಳು ಕೂಡ, ಈ ಸಲ ನಲ್ಲಿಯ ಹಂಗಿಲ್ಲದೆ.

ಇಂಕಾ ಊಟದಿಂದ ಹಸಿವು ಹೆಚ್ಚುತ್ತದೆಂದು ನಾನು ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದೇನೆ. ಪೂರ್ತಿ ಸುಳ್ಳಲ್ಲವಲ್ಲ. ಮೊನ್ನೆ ಬೆಳಿಗ್ಗೆ ಹಿತ್ತಲಿನ ಮೆಟ್ಟಿಲ ಮೇಲೆ ಪೇಪರು ಓದುತ್ತ ಕೂತಿದ್ದಾಗ, ಅತ್ತೆ ಚೆಲ್ಲಿದ ರೊಟ್ಟಿಯ ಚೂರನ್ನು ಹೊತ್ತುಕೊಂಡು ಒಂದು ದಪ್ಪ ಇಲಿ ಹೊರಟಿತು. ನಡುದಾರಿಯಲ್ಲಿ ನಿಂತು ನನ್ನ ಮುಖ ನೋಡಿತು. ಒಳಗೆ ಅತ್ತೆ ಇನ್ನೊಂದು ರೊಟ್ಟಿ ಹಾಕೆಂದು ಮಗಳಿಗೆ ಹೇಳುವುದು ಕೇಳಿಸಿತು. ನಾನು ಪೇಪರನ್ನು ಕಣ್ಣಿಗೆ ಅಡ್ಡ ಹಿಡಿದೆ. ಯಾರಾದರೂ ಕೇಳಿದರೆ, ನಮ್ಮ ಮನೆಯಲ್ಲಿ ಇಲಿಗಳಿಲ್ಲ.