ಯೀಸ್ಟಿನ ರಿಪೇರಿಯೂ ನನ್ನ ಕಾರ್ಡಿಗನ್ನೂ

ಕಾನ್ವೆಂಟಿನಲ್ಲಿ ಓದಿದವರಿಗೆ ಒಂದು ರೋಗವಿರುತ್ತದೆ. 'ಗೊತ್ತಿಲ್ಲ' ಎಂಬ ಮಾತು ಅವರ ಬಾಯಿಂದ ಬರುವುದಿಲ್ಲ. ನಮ್ಮ ಸಿಸ್ಟರುಗಳು ಬೆನ್ನು ನೆಟ್ಟಗಿಟ್ಟು, ಫುಲ್ ಸೆಂಟೆನ್ಸಿನಲ್ಲಿ ಉತ್ತರ ಹೇಳಿದವರಿಗೆ ಅರ್ಧ ಮಾರ್ಕ್ಸು ಕೊಟ್ಟೇ ಬಿಡುತ್ತಿದ್ದರು. ಉಳಿದರ್ಧ ಸರಿಯುತ್ತರಕ್ಕೆ. ಆ ಉಳಿದರ್ಧದ ಬೆನ್ನು ಹತ್ತಿ ನಾನು ಎಂದೂ ಹೋದವಳಲ್ಲ. ಮದುವೆಯಾಗಿ ಲಿಂಗಸುಗೂರಿಗೆ ಬಂದ ಮೇಲಂತೂ ಔಷಧದ ಬಾಟಲಿಯಿಂದ ಹಿಡಿದು ಇಸ್ತ್ರಿಪೆಟ್ಟಿಗೆಯ ಗ್ಯಾರಂಟಿ ಕಾರ್ಡಿನ ತನಕ ಓಣಿಯ ಇಂಗ್ಲಿಷೆಲ್ಲ ನನ್ನ ಮುಂದೆ ಬರುತ್ತಿತ್ತು. ನಾನು ಕನ್ನಡಕ ಏರಿಸಿ ಏನಾದರೊಂದು ಹೇಳಿಬಿಡುತ್ತಿದ್ದೆ. ಯಾರೂ ಸತ್ತ ಸುದ್ದಿ ಬರಲಿಲ್ಲವಾದ್ದರಿಂದ ಕಾನ್ಫಿಡೆನ್ಸು ಬೆಳೆಯುತ್ತಲೇ ಹೋಯಿತು.

ತೊಂಬತ್ತರ ದಶಕದ ಒಂದು ಚಳಿಗಾಲ. ಸಿಂಧನೂರಿನಲ್ಲಿ ರೈಸ್ ಮಿಲ್ಲು ನಡೆಸುವ ನನ್ನ ತಮ್ಮ ವೀರಭದ್ರ ಮಗಳು ಶೈಲಾಳನ್ನು ಕರೆದುಕೊಂಡು ಬಂದ. ಶೈಲಾ ಹೈದರಾಬಾದಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು, ರಜೆಗೆ ಬಂದಿದ್ದಳು. ಮಸ್ಕಿಯಿಂದ ಒಳ್ಳೆಯ ಸಂಬಂಧ ಬಂದಿತ್ತಂತೆ. ಹುಡುಗ ಲೆಕ್ಚರರ್, ಒಪ್ಪಿದ್ದಾನೆ. ಆದರೆ ಹುಡುಗನ ತಾಯಿ ನೀಲಮ್ಮ, ಹುಡುಗಿ ಇಷ್ಟು ವರ್ಷ ಅಲ್ಲಿ ಮಾಡುವುದಾದರೂ ಏನು ಎಂದು ಕೇಳಿದ್ದಾರೆ. ಇವನು ಬೆಬ್ಬೆಬ್ಬೆ ಎಂದು ಬಂದಿದ್ದಾನೆ.

"ಅಕ್ಕಾ, ನೀ ಬಂದು ತಿಳಿಸಿ ಹೇಳು. ಅವರಿಗೆ ತಿಳೀಲಿಲ್ಲಂದ್ರ ಓದು ಬಿಡಿಸಿ ಲಗ್ನ ಮಾಡಿ ಕೊಡಾಂವ ನಾ. ನನಗರ ಎಲ್ಲಿ ತಿಳದೈತಿ ಅದು?"

ಬಾಗಿಲಿಗೆ ಒರಗಿ ನಿಂತಿದ್ದ ಶೈಲಾ ನನ್ನನ್ನು ನೋಡಿದಳು. ಪರೀಕ್ಷೆಯಲ್ಲಿ ತನ್ನ ಪೇಪರನ್ನು ಬೇರೆಯವರು ಬರೆಯುವುದನ್ನು ನೋಡುವ ನೋಟ ಅದು.

ಪಾಠ ಅಡುಗೆಮನೆಯಲ್ಲಿ ನಡೆಯಿತು. ನಾನು ಬದನೆಕಾಯಿ ಹೆಚ್ಚುತ್ತಿದ್ದೆ, ಅವಳು ಹೇಳುತ್ತಿದ್ದಳು. ಅವಳ ಸಂಶೋಧನೆಯೆಲ್ಲ ಯೀಸ್ಟಿನ ಮೇಲೆ. ಯೀಸ್ಟು ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಬ್ರೆಡ್ಡು ಉಬ್ಬುವುದು, ಸೇಂದಿ ನೊರೆಯಾಡುವುದು ಅದರಿಂದಲೇ. ಸೇಂದಿ ಎಂದೊಡನೆ ಪಡಸಾಲೆಯಿಂದ ತಮ್ಮ ಕೆಮ್ಮಿದ. ಮಸ್ಕಿಯಲ್ಲಿ ಸೇಂದಿಯ ಹೆಸರೆತ್ತಿದರೆ ಸಂಬಂಧ ಅಲ್ಲಿಗೇ ಮುಗಿಯಿತು, ಬ್ರೆಡ್ಡಿನ ಮೇಲೇ ಇರಬೇಕು ಎಂದು ತಾಕೀತು ಮಾಡಿದ. ಆ ಜೀವಿಯೊಳಗೆ ಮೈಟೊಕಾಂಡ್ರಿಯಾ ಎಂಬ ಒಲೆಗಳಿವೆ. ಜೀವಿಯೆಂಬ ಮನೆಗೆ ಇರುವ ಡಿಎನ್‌ಎ ಬೇರೆ, ಒಲೆಗೆ ತನ್ನದೇ ಡಿಎನ್‌ಎ ಬೇರೆ. ಡಿಎನ್‌ಎ ಎರಡು ಎಳೆಯ ಏಣಿ. ಅದರ ಮೆಟ್ಟಿಲಿನ ಅಕ್ಷರಗಳಲ್ಲಿ ಎ ಎದುರಿಗೆ ಟಿ, ಜಿ ಎದುರಿಗೆ ಸಿ ಕೂಡಬೇಕು. ನಕಲು ಮಾಡುವಾಗ ಒಮ್ಮೊಮ್ಮೆ ಜೋಡಿ ತಪ್ಪುತ್ತದೆ. ಆಗ ಒಂದು ಪ್ರೋಟೀನು ಆ ಏಣಿಯನ್ನು ತಬ್ಬಿಕೊಂಡು, ತಡವುತ್ತ ಸಾಗುತ್ತದೆ. ಜೋಡಿ ಸರಿಯಿದ್ದಲ್ಲಿ ಏಣಿ ಬಿಗಿಯಾಗಿರುತ್ತದೆ. ತಪ್ಪಿದ್ದಲ್ಲಿ ಒತ್ತಿದರೆ ಬಾಗುತ್ತದೆ. ಪ್ರೋಟೀನು ಅಲ್ಲೇ ನಿಂತು ರಿಪೇರಿಗೆ ಹಚ್ಚುತ್ತದೆ. ಆ ಪ್ರೋಟೀನು ಇಲ್ಲದಿದ್ದರೆ ತಪ್ಪುಗಳು ಬೆಳೆದು ಒಲೆ ಆರುತ್ತದೆ; ಯೀಸ್ಟು ಸಾಯುವುದಿಲ್ಲ, ಅರೆಹೊಟ್ಟೆಯಲ್ಲಿ ಗಿಡ್ಡಾಗಿ ಬದುಕುತ್ತದೆ.

ಎಲ್ಲ ತಿಳಿಯಿತು ಎಂದೆ. ನನಗೆ ತಿಳಿದದ್ದು ಒಂದು ಕಾರ್ಡಿಗನ್ನು, ಮುಂದೆ ಗುಂಡಿಯಿರುವ ಸ್ವೆಟರು. ಒಂದು ಗುಂಡಿ ತಪ್ಪಿದರೆ ಬಟ್ಟೆ ಉಬ್ಬಿ ನಿಲ್ಲುತ್ತದಲ್ಲ, ಕೈಯಾಡಿಸಿದರೆ ಸಿಗುತ್ತದಲ್ಲ, ಅಷ್ಟೇ! ಈ ಉಪಮೆ ನನಗೇ ಎಷ್ಟು ಹಿಡಿಸಿತೆಂದರೆ, ಮಸ್ಕಿಗೆ ಹೊರಟ ದಿನ ಸೀರೆಯ ಮೇಲೆ ನನ್ನ ಮೆರೂನ್ ಕಾರ್ಡಿಗನ್ನನ್ನೇ ತೊಟ್ಟೆ. ಬಸ್ಸು ತಪ್ಪೀತೆಂದು ನಮ್ಮ ಮನೆಯವರು ಹೊರಗಿನಿಂದ ಕೂಗುತ್ತಿದ್ದರು. ಗಡಿಬಿಡಿಯಲ್ಲೇ ಹಾಕಿಕೊಂಡು ಓಡಿದೆ.

ಮಸ್ಕಿಯ ಪಡಸಾಲೆಯಲ್ಲಿ ನೀಲಮ್ಮನವರು, ಮೂಲೆಯ ಹೊರಸಿನ ಮೇಲೆ ಕಣ್ಣು ಮಂಜಾದ ಅವರ ಅತ್ತೆ. ಶೈಲಾ ತಲೆ ತಗ್ಗಿಸಿ ಕೂತಳು. ನಾನು ಬೆನ್ನು ನೆಟ್ಟಗಿಟ್ಟು ಆರಂಭಿಸಿದೆ. ಗುಂಡಿಗಳ ಮೇಲೆ ಬೆರಳಿಳಿಸುತ್ತ ಪ್ರೋಟೀನಿನ ಪಯಣವನ್ನು ಬಣ್ಣಿಸಿದೆ. ನೀಲಮ್ಮನವರ ಕಣ್ಣು ನನ್ನ ಕಾರ್ಡಿಗನ್ನಿನಿಂದ ಕದಲಲೇ ಇಲ್ಲ, ಒಮ್ಮೆ ಸೆರಗು ಬಾಯಿಗೆ ಹಿಡಿದರು. ಏನು ಅಟೆನ್ಷನ್ನು ಎಂದುಕೊಂಡೆ.

ಮುಗಿದ ಮೇಲೆ ಅವರು ಒಂದೇ ಮಾತು ಕೇಳಿದರು. "ಅಲ್ಲರೀ, ಜೋಡಿ ಹೊಂದಲಿಲ್ಲ ಅಂತ ತಿಳೀತು. ಎರಡರಾಗ ತಪ್ಪು ಯಾರದು ಅಂತ ಹೆಂಗ ತಿಳೀತೈತಿ?"

ಇದು ಸಿಲಬಸ್ಸಿನಲ್ಲಿ ಇರಲಿಲ್ಲ. ಬ್ಯಾಕ್ಟೀರಿಯಾದಲ್ಲಿ ಹಳೆಯ ಎಳೆಗೆ ಗುರುತಿರುತ್ತದೆ ಎಂದು ಶೈಲಾ ಏನೋ ಹೇಳಿದ್ದಳು, ಆಗ ನಾನು ಒಗ್ಗರಣೆಗೆ ಸಾಸಿವೆ ಹುಡುಕುತ್ತಿದ್ದೆ. ಹಳೆಯದು ಯಾವಾಗಲೂ ಸರಿ, ಹೊಸದಾಗಿ ಬಂದದ್ದೇ ತಪ್ಪು ಎಂದು ತೀರ್ಪು ಕೊಟ್ಟೆ.

ಹೊರಸಿನ ಮೇಲಿನ ಮುದುಕಿ ಎದ್ದು ಕೂತಳು. "ಹಾಂಗ ಹೇಳವ್ವ. ಈಕಿ ಸೊಸಿಯಾಗಿ ಬಂದ ದಿನದಿಂದ ನಾ ಹೇಳಾಕತ್ತಿದ್ದು ಅದನ್ನ."

ನೀಲಮ್ಮನವರ ಮುಖ ಕಪ್ಪಿಟ್ಟಿತು. ತಮ್ಮನ ಮುಖ ಅದಕ್ಕಿಂತ ಕಪ್ಪಿಟ್ಟಿತು. ಆಗ, ನೋಡಲು ಕೂರಿಸಿದ ಹುಡುಗಿ ಮಾಡಬಾರದ್ದನ್ನು ಶೈಲಾ ಮಾಡಿದಳು. ತಲೆಯೆತ್ತಿ ನನ್ನತ್ತ ತಿರುಗಿದಳು.

"ಅತ್ತಿ, ಅದು ಬ್ಯಾಕ್ಟೀರಿಯಾದ ಮಾತು. ಯೀಸ್ಟಿನ ಮೈಟೊಕಾಂಡ್ರಿಯಾದಾಗ ತಪ್ಪು ಯಾವ ಎಳೀದು ಅಂತ ಹೆಂಗ ಆರಿಸ್ತೈತೋ, ಇನ್ನೂ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಅದನ್ನ ಹುಡುಕಾಕತ್ತೀನಿ."

ಗೊತ್ತಿಲ್ಲ! ನಮ್ಮ ಮನೆತನದ ಹೆಣ್ಣು, ಬೀಗರ ಮುಂದೆ! ನೀಲಮ್ಮನವರು ಅತ್ತೆಯ ಕಡೆಗೊಮ್ಮೆ ನೋಡಿ, ನನ್ನ ತಮ್ಮನಿಗೆ ಹೇಳಿದರು: "ಹಂಗಾರ ಮುಗಿಸೇ ಬರ್ಲಿ ಬಿಡ್ರಿ ಅಣ್ಣಾರ, ನಾವು ಕಾಯ್ತೀವಿ. ಖಾತ್ರಿ ಮಾಡ್ಕೊಂಡ ಬರ್ಲಿ. ನಮ್ಮ ಮನ್ಯಾಗೂ ಈ ಪಂಚಾಯ್ತಿ ಇನ್ನೂ ತೀರಿಲ್ಲ."

ಹೊರಡುವಾಗ ಮುದುಕಿ ನನಗೆ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಹಾಕಿ, ನನ್ನ ಸೆರಗು ಸರಿಪಡಿಸಲು ಕೈ ಚಾಚಿದವಳ ಬೆರಳು ಕಾರ್ಡಿಗನ್ನಿನ ಮೇಲೆ ತಡವುತ್ತ ಇಳಿಯಿತು. ನಡುವೆ ನಿಂತಿತು. ಒತ್ತಿ ನೋಡಿತು. ಅಲ್ಲಿಂದ ಕೆಳಗಿನ ಗುಂಡಿಗಳನ್ನೆಲ್ಲ ಬಿಚ್ಚಿ, ಒಂದೊಂದಾಗಿ ಮತ್ತೆ ಹಾಕಿ, ಎದೆಯ ಮೇಲಿನ ಉಬ್ಬನ್ನು ಸವರಿ ಇಳಿಸಿದಳು.

"ತಪ್ಪು ಗುಂಡೀದೂ ಅಲ್ಲ, ಕಾಜಾದ್ದೂ ಅಲ್ಲ ತಂಗಿ," ಎಂದಳು. "ಹಾಕ್ಕೊಂಡಾಕೀದು."

ಪ್ರೋಟೀನಾಗಿ ಮಸ್ಕಿಗೆ ಹೋದವಳು ಡಿಎನ್‌ಎ ಆಗಿ ಲಿಂಗಸುಗೂರಿಗೆ ಮರಳಿದೆ. ಶೈಲಾ ಓದು ಮುಗಿಸಿ ಆ ಮನೆಗೇ ಹೋದಳು. ತಪ್ಪು ಯಾರದೆಂಬುದು ಅವಳಿಗೂ ಪೂರ್ತಿ ಸಿಗಲಿಲ್ಲವಂತೆ, ಯೀಸ್ಟಿನಲ್ಲೂ, ಮಸ್ಕಿಯಲ್ಲೂ. ನಾನೂ ಸುಧಾರಿಸಿದ್ದೇನೆ. ಈಗ ಯಾರಾದರೂ ಏನಾದರೂ ಕೇಳಿದರೆ ಮೊದಲು ಗುಂಡಿ ಮುಟ್ಟಿ ನೋಡಿಕೊಳ್ಳುತ್ತೇನೆ. ಆಮೇಲೆ ಬೆನ್ನು ನೆಟ್ಟಗಿಟ್ಟು ಉತ್ತರ ಹೇಳಿಯೇ ಬಿಡುತ್ತೇನೆ.