ಸಯಾಮಿಗೂ ಮಂಗೋಲಿಯಾಕ್ಕೂ ಒಂದು ಗೇಣು

ಇಡೀ ಮೈಸೂರು ಸಂಸ್ಥಾನದಲ್ಲಿ ಸಯಾಮಿ ಭಾಷೆಯನ್ನೂ ಮಂಗೋಲಿ ಭಾಷೆಯನ್ನೂ ಅಕ್ಕಪಕ್ಕ ಇಟ್ಟು ತೂಗಿ ನೋಡಿದ ವಿದ್ವಾಂಸರು ಒಬ್ಬರೇ ಒಬ್ಬರು. ಅವರು ನಮ್ಮ ಸೋದರಮಾವ. ಓದು? ಇಲ್ಲ. ಬರಹ? ಹೆಬ್ಬೆಟ್ಟು. ಉದ್ಯೋಗ? ಎತ್ತಿನ ಗಾಡಿ ಹೊಡೆಯುವುದು! ನಂಬದವರು ಚನ್ನಪಟ್ಟಣಕ್ಕೆ ಬಂದು ನಮ್ಮ ಅತ್ತೆಯನ್ನು ಕೇಳಬಹುದು. ಅತ್ತೆ ರಾಗಿ ಮುದ್ದೆ ತಿರುವುವ ಹೊತ್ತಿನಲ್ಲಿ ಮಾತ್ರ ಕೇಳಬೇಡಿ, ಕೈಯಲ್ಲಿ ಕೋಲಿರುತ್ತದೆ.

ಮಾವನ ಗಾಡಿ ಮಾಗಡಿ, ಕನಕಪುರದ ಕಡೆಯ ಹಳ್ಳಿಗಳಿಂದ ರೇಷ್ಮೆಗೂಡು ಹೇರಿಕೊಂಡು ಕ್ಲೋಸ್‌ಪೇಟೆಗೂ ಚನ್ನಪಟ್ಟಣಕ್ಕೂ ಬರುತ್ತಿತ್ತು. ಗೂಡಿನ ಜೊತೆಗೆ ಮಾತನ್ನೂ ತರುತ್ತಿತ್ತು. ಕಾಗದ ಬರೆಯಲು ಬಾರದ ಜನ ದಾರಿಯಲ್ಲಿ ಗಾಡಿ ನಿಲ್ಲಿಸಿ, "ನನ್ ಮಗಳ್ಗೆ ಹಿಂಗಂತ ಯೋಳ್ಬುಡಣ್ಣ" ಎಂದು ಒಪ್ಪಿಸುತ್ತಿದ್ದರು. ಮಾವ ಅದನ್ನು ಒಂದು ಅಕ್ಷರ ಬಿಡದೆ, ಹೇಳಿದವರ ದನಿಯಲ್ಲೇ ಮುಟ್ಟಿಸುತ್ತಿದ್ದರು. ಉಯ್ಯಂಬಳ್ಳಿಯ ತಾಯಿ ಮಾತಿನ ನಡುವೆ ಬಿಕ್ಕಿದ್ದರೆ ಚನ್ನಪಟ್ಟಣದ ಮಗಳ ಬಾಗಿಲಲ್ಲಿ ನಿಂತು ಮಾವನೂ ಅಲ್ಲೇ ಬಿಕ್ಕುತ್ತಿದ್ದರು. ಮೀಸೆಯ ಗಂಡಸು ಹಾಗೆ ಬಿಕ್ಕುವುದನ್ನು ನೋಡಿ ಬೀದಿಯ ಜನ ನಗುತ್ತಿದ್ದರು, ಮಗಳು ಮಾತ್ರ ಅಳುತ್ತಿದ್ದಳು.

ಒಮ್ಮೆ ಸೋಲೂರಿನವನೊಬ್ಬ ತನ್ನ ಭಾವಮೈದನಿಗೆ ಬೈಗುಳ ಹೇಳಿ ಕಳಿಸಿದ. ಮಾವ ಅದನ್ನೂ ಪೂರ್ತಿ ಮುಟ್ಟಿಸಿದರು, ಮಧ್ಯದ ಉಗುಳಿನ ಸಮೇತ! ಭಾವಮೈದ ದೊಣ್ಣೆ ಎತ್ತಿದ. ಮಾವ ಅಲುಗಲಿಲ್ಲ. "ನಾನಲ್ಲ ಕಣಪ್ಪ, ನಿಮ್ ಭಾವ ಅಂದಿದ್ದು. ನಿನ್ ಏಟ್ನೂ ಒಪ್ಸು, ನಾಳೆ ಸೋಲೂರಿಗೇ ಓಯ್ತಿವ್ನಿ, ಕೊಟ್ಬತ್ತೀನಿ" ಎಂದರು.

ಇಂಥವರಿಗೆ ಸಯಾಮಿ ಎಲ್ಲಿಂದ ಗಂಟುಬಿತ್ತು ಅಂತೀರಾ? ದೊಡ್ಡ ಯುದ್ಧ ನಡೆಯುತ್ತಿದ್ದಾಗ ಗಾಡಿ ಹೊಡೆಯುವವರು ಬೇಕೆಂದು ಬೆಂಗಳೂರಿನಲ್ಲಿ ಕರೆದರು. ಮಾವ ಹೋದರು. ಹಡಗು ಅವರನ್ನು ಫ್ರಾನ್ಸ್ ದೇಶದಲ್ಲಿ ಇಳಿಸಿತು. ಅಲ್ಲಿ ಹೇಸರಗತ್ತೆಯ ಗಾಡಿ ಮಗುಚಿ ಮಾವನ ತೊಡೆಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಮೂರು ತಿಂಗಳು ಅಂಗಾತ ಮಲಗಿದರು. ಎಡಗಡೆಯ ಮಂಚದಲ್ಲಿ ಬರ್ಮಾದ ಆಚೆಯ ಸಯಾಮ್ ದೇಶದ ಲಾರಿ ಡ್ರೈವರು, ಬಲಗಡೆಯಲ್ಲಿ ರಷ್ಯಾ ದೊರೆಯ ಪಡೆಗೆ ಬಂದಿದ್ದ ಮಂಗೋಲಿ ಸವಾರ. ಅವರು ಯಾವ ದೇಶದವರೆಂದು ಹೇಳಿದ್ದು ಆ ಆಸ್ಪತ್ರೆಯಲ್ಲಿದ್ದ ವೇಲೂರಿನ ಕಾಂಪೌಂಡರೊಬ್ಬರು. ಮೂವರಿಗೂ ಇನ್ನೊಬ್ಬರ ಮಾತು ಬಾರದು, ಏಳಲಾಗದು. ಮಾತನ್ನಾದರೂ ಕಲಿಯದೆ ಇನ್ನೇನು ಮಾಡಬೇಕು?

ಸಯಾಮಿನವನು ನಗುವ ಮನುಷ್ಯ. ತಟ್ಟೆ ಬಂದಾಗಲೆಲ್ಲ "ಕಿನ್ ಖಾವ್ ರ್ಯೂ ಯಾಂಗ್?" ಅನ್ನುತ್ತಿದ್ದ. ಊಟ ಆಯ್ತಾ ಅಂತ! ಅದೊಂದನ್ನು ಕೇಳಿದ್ದೇ ಮಾವನಿಗೆ ಅವನು ನಮ್ಮ ಕಡೆಯವನೇ ಅನ್ನಿಸಿಬಿಟ್ಟಿತು. ಗುರುವಿಗೆ ಅವನು ಖ್ರೂ ಅನ್ನುತ್ತಿದ್ದ, ಆಹಾರಕ್ಕೆ ಆಹಾನ್. ಅವನು ವಾಸಿಯಾಗಿ ನಗುನಗುತ್ತಲೇ ಹೊರಟುಹೋದ.

ಮಂಗೋಲಿಯವನು ನಾಲ್ಕಾರು ಚಿಕ್ಕ ಮಾತು ಕಲಿಸಿದ್ದಷ್ಟೇ, ವಾಸಿಯಾಗಲಿಲ್ಲ. ಒಂದು ಬೆಳಿಗ್ಗೆ ಮಾವನ ಕೈ ಹಿಡಿದು, ಮೂರು ಉಸಿರಿನಷ್ಟು ಉದ್ದದ ಒಂದು ಮಾತು ಹೇಳಿದ. ಕೊನೆಯ ಪದಕ್ಕೆ ಮುಂಚೆ ಕೆಮ್ಮಿದ. ಮಾವ ಅದನ್ನು ಹಾಗೆಯೇ ತಿರುಗಿ ಹೇಳಿದರು, ಕೆಮ್ಮನ್ನೂ ಬಿಡದೆ. ಅವನ ಮುಖ ಹಗುರವಾಯಿತು. ಮತ್ತೊಮ್ಮೆ ಹೇಳಿಸಿದ, ಇನ್ನೊಮ್ಮೆ ಹೇಳಿಸಿದ. ಮಾವ ಆಯ್ತು ಎಂದು ತಲೆಯಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ಆ ಮಂಚ ಖಾಲಿಯಾಗಿತ್ತು.

"ಮುಟ್ಟಿಸ್ತೀನಿ ಅಂತ ತಲೆ ಆಡ್ಸ್‌ಬುಟ್ಟಿವ್ನಿ ಕಣ್ಲಾ" ಎಂದು ಮಾವ ನನಗೆ ಹೇಳಿದ್ದು ಊರಿಗೆ ಬಂದ ಮೇಲೆ. ನಾನಾಗ ಚನ್ನಪಟ್ಟಣದ ಸ್ಕೂಲಿಗೆ ಮೇಷ್ಟ್ರಾಗಿ ಬಂದು ಅವರ ಮನೆಯಲ್ಲೇ ಇದ್ದೆ. "ಯಾರ್ಗೆ ಮುಟ್ಟಿಸ್ಬೇಕು? ಅವ್ರಮ್ಮಂಗೇ ಇರ್ಬೇಕು. ಅದ್ರಲ್ಲಿ ಏಜಿ ಅಂತ ಬತ್ತದೆ, ಏಜಿ ಅಂದ್ರೆ ಅವ್ವ. ಮೋರಿ ಅಂತಾನೂ ಬತ್ತದೆ, ಕುದ್ರೆ. ಮಿಕ್ಕಿದ್ದು ಗೊತ್ತಿಲ್ಲ."

ಅಲ್ಲಿಂದ ಶುರುವಾಯಿತು ಮಾವನ ಸಂಶೋಧನೆ. ಅವರ ಲೆಕ್ಕ ಸರಳ. ಮಾಗಡಿಯ ಮಾತು ಬಲ್ಲವನಿಗೆ ಕನಕಪುರದ ಮಾತು ಅರ್ಥವಾಗುತ್ತದೆ, ತಾನೇ? ಹಾಗೆಯೇ ಸಯಾಮಿಯನ್ನು ಹಿಡಿದು ಮಂಗೋಲಿಯನ್ನು ಬಿಡಿಸಬಹುದು. ನಾನು ಸ್ಕೂಲಿನ ಭೂಪಟ ತಂದು ಹರಡಿದೆ. ಮಾವ ಸಯಾಮಿನ ಮೇಲೆ ಹೆಬ್ಬೆರಳಿಟ್ಟು ಕೈ ಚಾಚಿದರು. ಕಿರುಬೆರಳು ಮಂಗೋಲಿಯಾದ ಮೇಲೆ ಬಂತು.

"ನೋಡ್ಲಾ, ಒಂದ್ ಗೇಣು! ನಮ್ ಜಿಲ್ಲೆ ಪಟ್ದಲ್ಲಿ ಮಾಗ್ಡಿಗೂ ಕನಕ್‌ಪುರಕ್ಕೂ ಅಷ್ಟೇ ಅಲ್ವಾ?"

ಭೂಗೋಳದ ಮೇಷ್ಟ್ರು ನಾನು ಎಷ್ಟು ಹೇಳಿದರೂ ಆ ಗೇಣು ಅಲ್ಲಾಡಲಿಲ್ಲ.

ಆದರೆ ಭಾಷೆಗಳೇ ಮಾವನಿಗೆ ಕೈಕೊಟ್ಟವು. "ಸಯಾಮಿನೋನು ಎತ್ನ ಮುಂಚೇನೇ ಕಟ್‌ಬುಟ್ಟು ಆಮೇಲೆ ಸಾಮಾನ್ ಹೇರ್ತಾನೆ. ತಿಂದೆ ಅಂತ ಮೊದ್ಲು, ಅನ್ನ ಅಂತ ಆಮೇಲೆ. ಮಂಗೋಲಿಯೋನು ನಮ್ಮಂಗೇ ಕಣ್ಲಾ. ಸಾಮಾನೆಲ್ಲ ಹೇರಿ ಕೊನೇಗೆ ಎತ್ತು ಕಟ್ತಾನೆ. ಅವನ ಕೊನೇ ಮಾತು ಗೊತ್ತಿಲ್ದೆ ಗಾಡಿ ಯಾವ ಕಡೀಕ್ ಓಯ್ತದೆ ಅಂತ ಎಂಗೆ ಯೋಳದು? ಅವ್ವಂಗೆ ಕುದ್ರೆ ಕೊಡಿ ಅಂದ್ನೋ, ಕುದ್ರೆ ಮಾರ್ಬ್ಯಾಡವ್ವ ಅಂದ್ನೋ?" ಸಯಾಮಿಯಲ್ಲಿ ನಮ್ಮ ಪದಗಳಿವೆ, ವಾಕ್ಯದ ಕಟ್ಟಡ ನಮ್ಮದಲ್ಲ. ಮಂಗೋಲಿಯಲ್ಲಿ ಕಟ್ಟಡ ನಮ್ಮದೇ, ಪದ ಒಂದೂ ನಮ್ಮದಲ್ಲ! ಪಂಡಿತರು ಇದನ್ನು ದಪ್ಪ ಪುಸ್ತಕದಲ್ಲಿ ಹೇಳುತ್ತಾರೇನೋ, ಮಾವ ನೊಗ ಒರೆಸುತ್ತಾ ಹೇಳಿದರು.

ಸಯಾಮಿಯ ರಾಗವನ್ನು ಮಾವ ರೈಲ್ವೆ ಸ್ಟೇಷನ್ನಿನ ಮುಂದೆ ಪ್ರದರ್ಶಿಸಿದ್ದೂ ಉಂಟು. ಅದರಲ್ಲಿ 'ಮಾ' ಅಂತ ಸಮನಾಗಿ ಅಂದರೆ ಬಾ, ಎತ್ತರಿಸಿ ಅಂದರೆ ಕುದುರೆ, ತಗ್ಗಿನಿಂದ ಮೇಲಕ್ಕೆಳೆದರೆ ನಾಯಿ. ಜಟಕಾ ಸಾಬರ ಕುದುರೆಯನ್ನು ಮಾವ ಸಯಾಮಿಯಲ್ಲಿ ಕರೆದರು. ಕುದುರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಬಾಲ ಆಡಿಸುತ್ತಾ ಒಂದು ನಾಯಿ ಬಂತು! "ಒಸಿ ರಾಗ ತಪ್ಪೋಯ್ತು" ಎಂದರು ಮಾವ. ಸಾಬರು ಮರ್ಯಾದೆಯಿಂದಲೇ, "ನಮ್ ಕುದ್ರೆ ಚನ್ನಪಟ್ಣ ಬುಟ್ಟು ಎಲ್ಲೂ ಓಗಿಲ್ಲ ಕಣಣ್ಣ, ಬೇಜಾರ್ ಮಾಡ್ಕಬ್ಯಾಡ" ಎಂದರು.

ಒಂದು ಸಲ ಬಟ್ಟೆಗಂಟು ಹೊತ್ತ ಚೀನೀಯನೊಬ್ಬ ನಮ್ಮ ಬೀದಿಗೆ ಬಂದ. ಮಾವ ಅವನನ್ನು ಜಗಲಿಯ ಮೇಲೆ ಕೂರಿಸಿ, ಉಣ್ಣಿಸಿ, ಮಂಗೋಲಿಯವನ ಮಾತನ್ನು ಕೆಮ್ಮಿನ ಸಮೇತ ಮೂರು ಸಲ ಹೇಳಿದರು. ಚೀನೀಯ ಭಕ್ತಿಯಿಂದ ಕೇಳಿದ, ಏನೂ ತಿಳಿಯಲಿಲ್ಲ, ಎರಡು ಗಜ ರೇಷ್ಮೆ ಬಟ್ಟೆ ಮಾರಿ ಹೋದ. ಮನೆಮನೆಯಲ್ಲೂ ನೂಲು ಬಿಚ್ಚುವ ಚನ್ನಪಟ್ಟಣದಲ್ಲಿ ಹೊರಗಿನವನಿಂದ ರೇಷ್ಮೆ ಕೊಂಡವರು ನಮ್ಮ ಮಾವ ಒಬ್ಬರೇ. "ಕುದ್ರೆಗೆ ಮೋರಿ ಅನ್ನೋ ಜನದ್ ಸಾವಾಸ ಮಾಡಿ ನಿಮ್ಮಾವ ಬಚ್ಚಲ್ ತಾವ್ಲೂ ಕುದ್ರೆ ಉಡುಕ್ತಾರೆ" ಎಂದು ಅತ್ತೆ ನನ್ನ ಮುಂದೆ ಗೊಣಗಿದರು. ಮಂಗೋಲಿಯವನ ಮಾತು ಕಿವಿಗೆ ಬಿದ್ದಾಗಲೆಲ್ಲ ಅವರು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಿದ್ದರು.

ಮರೆಯಬಾರದೆಂದು ಮಾವ ದಿನಾ ಬೆಳಿಗ್ಗೆ ಎತ್ತು ಕಟ್ಟುವಾಗ ಅದನ್ನು ಹೇಳುತ್ತಿದ್ದರು. ಹೇಳಿ ಹೇಳಿ ಎತ್ತುಗಳಿಗೆ ಅದೇ ಹೊರಡುವ ಅಪ್ಪಣೆಯಾಯಿತು! ಗುಡೇಮಾರನಹಳ್ಳಿಗೆ ಹೋಗಲೆಂದು ಗಾಡಿ ಇಸಕೊಂಡ ಪಕ್ಕದ ಮನೆಯವನು ಅರ್ಧ ಗಂಟೆ ಬಾರುಕೋಲು ಆಡಿಸಿ, ಬೆವರೊರೆಸಿಕೊಂಡು ವಾಪಸು ಬಂದ. "ಅಣ್ಣೋ, ಆ ಮಂತ್ರ ಒಸಿ ಅಂದ್‌ಬುಡು, ಎತ್ತು ಏಳ್ತಿಲ್ಲ."

ಬಾಯಲ್ಲೇ ಇದ್ದರೆ ಹೋದೀತೆಂದು ನಾನು ಆ ಮಾತನ್ನು ಕನ್ನಡದಲ್ಲಿ ಬರೆದಿಟ್ಟೆ, ಓದಿಯೂ ತೋರಿಸಿದೆ. ಮಾವ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದ್ರಲ್ಲಿ ಕೆಮ್ಮೆಲ್ಲೈತೆ, ಮೇಷ್ಟ್ರೇ?"

ಹೋದ ವರ್ಷ ಮಾವನಿಗೆ ಜ್ವರ ಬಂತು. ಇಪ್ಪತ್ತು ದಿನ ಯಾರ ಗುರುತೂ ಹತ್ತಲಿಲ್ಲ. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಗೋಡೆ ಹಿಡಿದು ಜಗಲಿಗೆ ಬಂದು ಕುಳಿತರು. ಬಾಯಿ ತೆರೆದು ಆ ಮಾತು ಶುರುಮಾಡಿದರು. ಏಜಿ ಬಂತು, ಮೋರಿ ಬಂತು, ಕೆಮ್ಮೂ ಬಂತು. ಕೊನೆಯ ಪದ ಬರಲಿಲ್ಲ. ಮೊದಲಿಂದ ಹೇಳಿದರು, ಬರಲಿಲ್ಲ. ಮತ್ತೆ ಹೇಳಿದರು.

"ಓಯ್ತಾ?" ಎಂದು ನನ್ನ ಮುಖ ನೋಡಿದರು. ಮಾವ ಹಾಗೆ ಹೆದರಿದ್ದನ್ನು ನಾನು ಕಂಡಿರಲಿಲ್ಲ.

ನಾನು ಓಡಿ ಹಾಳೆ ತಂದು ಓದಿದೆ. ಮಾವ ತಲೆಯಾಡಿಸಿದರು. "ಅದಲ್ಲ. ಅದಲ್ಲ ಕಣ್ಲಾ." ಇನ್ನೊಮ್ಮೆ ಓದಿದೆ. ದಿನಾ ಕೇಳಿದ ಮಾತು, ಆದರೂ ನನ್ನ ಬಾಯಲ್ಲಿ ಅದು ಬರೀ ಅಕ್ಷರವಾಗಿ ಬರುತ್ತಿತ್ತು. ನನಗೇ ನಾಚಿಕೆಯಾಯಿತು.

ಆಗ ಒಳಗಿನಿಂದ ಮುದ್ದೆ ತಿರುವುವ ಸದ್ದು ನಿಂತಿತು. ಅತ್ತೆ ಹೇಳಿದರು. ಮೊದಲಿಂದ ಕೊನೆಯವರೆಗೆ, ಮೂರು ಉಸಿರಿನಲ್ಲಿ. ಒಬ್ಬ ಗಂಡಸಿನ ಸೋತ ದನಿ, ನಡುವೆ ಕೆಮ್ಮು, ಆಮೇಲೆ ಮೆಲ್ಲಗೆ ಕೊನೆಯ ಪದ.

ಕೊಟ್ಟಿಗೆಯಲ್ಲಿ ಎರಡೂ ಎತ್ತುಗಳು ಎದ್ದು ನಿಂತವು.

ಮಾವ ಹೆಗಲ ಮೇಲಿನ ಟವಲ್ಲನ್ನು ಮುಖಕ್ಕೆ ಒತ್ತಿಕೊಂಡರು. ನನ್ನ ಕಣ್ಣೂ ಒದ್ದೆಯಾಗಿತ್ತು, ಮುಚ್ಚಿಡುವುದೇನು? ಅತ್ತೆ ಹೊರಗೆ ಬರಲಿಲ್ಲ. ಒಲೆಯ ಮುಂದಿನಿಂದಲೇ ಮಾತಾಡಿದರು.

"ಯಾವ್ದೋ ಹೆತ್ತವ್ವಂಗೆ ಅಂತ ಯೋಳ್ದ ಮಾತು. ಒಬ್ರ ಬಾಯಲ್ಲೇ ಇದ್ರೆ ಎಂಗೆ? ಮೊದಲ್ನೇ ವರ್ಸ್ವೇ ಕಲ್ತ್ಕಂಡೆ."

ಮಾವ ಈಗ ಮತ್ತೆ ಗಾಡಿ ಹೂಡುತ್ತಿದ್ದಾರೆ, ರೈಲು ಬಂದಾಗ ಮಂಗೋಲಿಯವನೊಬ್ಬ ಇಳಿದಾನೇ ಎಂದು ನೋಡಿ ಬರುತ್ತಾರೆ. ನಾನು ಹಾಳೆ ಹರಿದುಹಾಕಿ, ಅತ್ತೆಯ ಮುಂದೆ ಕುಳಿತು ಬಾಯಿಪಾಠ ಮಾಡುತ್ತಿದ್ದೇನೆ. ಮಾತು ಪೂರ್ತಿ ಬಂದಿದೆ. ಕೆಮ್ಮು ಮಾತ್ರ ಇನ್ನೂ ತಪ್ಪು ಅನ್ನುತ್ತಾರೆ ಅತ್ತೆ, ಎತ್ತುಗಳೂ ಏಳುತ್ತಿಲ್ಲ.